ಬೇರುಗಂಟಿನ ಒಳಗೆ ನೋಡಲು ಮಿಕ್ಸ್ಡ್ ರಿಯಾಲಿಟಿ: ಹೆಡ್‌ಸೆಟ್ ತರಿಸುವ ಮುಂಚೆ

ಪ್ರಶ್ನೆ: ಮೇಡಂ, ನನ್ನ ಊರು ಹಾವೇರಿ ಜಿಲ್ಲೆಯ ಬ್ಯಾಡಗಿ ಹತ್ತಿರ. ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮೆಣಸಿನ ಗಿಡದ ಬೇರುಗಂಟು ರೋಗ ನನ್ನ ವಿಷಯ. ಲೇಸರ್ ಬೆಳಕಿನಲ್ಲಿ ಆಳಕ್ಕೆ ಪದರ ಪದರವಾಗಿ ಚಿತ್ರ ತೆಗೆಯುವ ಕಾನ್‌ಫೋಕಲ್ ಮೈಕ್ರೋಸ್ಕೋಪಿನಲ್ಲಿ ಗಂಟುಗಳ ಚಿತ್ರ ತೆಗೆದಿದ್ದೇನೆ, ಒಂದೊಂದಕ್ಕೂ ನೂರರ ಮೇಲೆ ಪದರ. ಕಂಪ್ಯೂಟರಿನಲ್ಲಿ ಪದರ ಸರಿಸಿ ಸರಿಸಿ ನೋಡಿದರೂ ನೀರಿನ ನಾಳ ಯಾವ ಕಡೆಯಿಂದ ಸುತ್ತಿ ಹೋಗಿದೆ ಅನ್ನುವುದು ತಿಳಿಯುತ್ತಿಲ್ಲ. ಕಣ್ಣಿಗೆ ಹಾಕಿಕೊಂಡರೆ ಎದುರಿನ ಕೋಣೆಯ ಜೊತೆಗೇ ಮೂರು ಆಯಾಮದ ಚಿತ್ರವನ್ನೂ ತೋರಿಸುವ ಮಿಕ್ಸ್ಡ್ ರಿಯಾಲಿಟಿ ಹೆಡ್‌ಸೆಟ್ ತರಿಸೋಣವೇ ಎಂದು ನಮ್ಮ ಗೈಡ್ ಕೇಳುತ್ತಿದ್ದಾರೆ. ಅದರಿಂದ ನಿಜಕ್ಕೂ ಉಪಯೋಗ ಇದೆಯೇ? ಏನೇನು ಬೇಕು? ಕಣ್ಣಿಗೆ ತೊಂದರೆ ಆಗುತ್ತದೆಯೇ? ಪ್ರಬಂಧದಲ್ಲಿ ಆ ಚಿತ್ರ ಹಾಕಬಹುದೇ? ಇನ್ನೊಂದು ಸಣ್ಣ ಆಸೆ. ನಮ್ಮ ಅಪ್ಪ ಮೆಣಸಿನಕಾಯಿ ಬೆಳೆಯುತ್ತಾರೆ. ಅವರಿಗೂ ಇದನ್ನು ತೋರಿಸಬಹುದೇ?

ಉತ್ತರ: ತಂಗಿ, ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಎಷ್ಟೋ ಜನ "ಯಾವ ಕಂಪನಿಯದು ಕೊಳ್ಳಲಿ" ಎಂದೇ ಶುರು ಮಾಡುತ್ತಾರೆ. ನೀವು "ನಾಳ ಯಾವ ಕಡೆಯಿಂದ ಹೋಗಿದೆ" ಎಂದು ಕೇಳಿದ್ದೀರಿ. ಯಾವುದು ಮುಂದೆ, ಯಾವುದು ಹಿಂದೆ, ಯಾವುದು ಯಾವುದನ್ನು ಸುತ್ತಿದೆ ಅನ್ನುವ ಇಂಥ ಪ್ರಶ್ನೆಗೆ ಹೆಡ್‌ಸೆಟ್ ಒಳ್ಳೆಯ ಸಾಧನ. ಆದರೆ ನಿಮ್ಮ ಪದರಗಳಲ್ಲಿ ಇಲ್ಲದ್ದನ್ನು ಅದು ತೋರಿಸುವುದಿಲ್ಲ. ಪದರಗಳಲ್ಲಿ ತಪ್ಪಿದ್ದರೆ ಆ ತಪ್ಪನ್ನು ನಿಜ ಅನ್ನಿಸುವ ಹಾಗೆ ತೋರಿಸುತ್ತದೆ. ಹಾಗಾಗಿ ಮೊದಲು ಚಿತ್ರದ ಮಾತು. ಹೆಡ್‌ಸೆಟ್ ಆಮೇಲೆ.

ಬೇರೆ ಓದುಗರಿಗೂ ಗೊತ್ತಾಗಲಿ ಎಂದು ನಿಮ್ಮ ಗಂಟಿನ ಬಗ್ಗೆ ಸ್ವಲ್ಪ ಹೇಳುತ್ತೇನೆ. ಮೆಲಾಯ್ಡೊಗೈನೆ ಎಂಬ ಈ ಜಂತುಹುಳು ಮೊಟ್ಟೆಯಿಂದ ಹೊರಬಿದ್ದಾಗ ಸುಮಾರು 0.4 ಮಿಲಿಮೀಟರ್ ಉದ್ದ. ದಪ್ಪ 15 ಮೈಕ್ರಾನ್ ಆಸುಪಾಸು ಅಷ್ಟೇ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಬೇರಿನ ತುದಿಯ ಹತ್ತಿರ ಒಳಗೆ ಹೊಗುತ್ತದೆ. ಜೀವಕೋಶಗಳ ಸಂದಿಯಲ್ಲಿ ನುಸುಳಿ ತುದಿಯ ಕಡೆ ಇಳಿದು, ಅಲ್ಲಿ ತಿರುಗಿ, ನಾಳಗಳಿರುವ ನಡುಭಾಗಕ್ಕೆ ಬಂದು ಕೂರುತ್ತದೆ. ಅದರ ತಲೆಯ ಸುತ್ತಲಿನ ಐದಾರು ಜೀವಕೋಶಗಳು ಉಬ್ಬಿ ದೈತ್ಯಕೋಶಗಳಾಗುತ್ತವೆ. ಒಂದೊಂದರಲ್ಲೂ ಹಲವು ನ್ಯೂಕ್ಲಿಯಸ್. ಹುಳುವಿಗೆ ಊಟ ಅಲ್ಲಿಂದಲೇ. ಅವು ಬೆಳೆದಂತೆ ನೀರು ಒಯ್ಯುವ ನಾಳಗಳು ಜಾಗ ತಪ್ಪಿ ಡೊಂಕಾಗುತ್ತವೆ, ಕೆಲವು ಕಡೆ ತುಂಡಾಗುತ್ತವೆ. ನೆಲ ಹಸಿಯಾಗಿದ್ದರೂ ಮಧ್ಯಾಹ್ನದ ಬಿಸಿಲಿಗೆ ಗಿಡ ಬಾಡಿ ನಿಲ್ಲುವುದಕ್ಕೆ ಇದು ಒಂದು ಕಾರಣ.

ತೆಳ್ಳಗೆ ಕೊಯ್ದ ಒಂದೇ ಸೆಕ್ಷನ್‌ನಲ್ಲಿ ಇದೆಲ್ಲ ಕಾಣುವುದಿಲ್ಲ. ಡೊಂಕಾಗಿ ಮಲಗಿದ ಹುಳು ಅಲ್ಲಿ ಬರೀ ಒಂದು ಚುಕ್ಕೆ. ಸುತ್ತಿ ಹೋದ ನಾಳ ಸಂಬಂಧವೇ ಇಲ್ಲದ ಮೂರು ಉಂಗುರಗಳ ಹಾಗೆ ಕಾಣುತ್ತದೆ. ನೀವು ಪರದೆಯಲ್ಲಿ ಪದರ ಸರಿಸುವಾಗ ಆ ಉಂಗುರಗಳನ್ನು ತಲೆಯೊಳಗೆ ಜೋಡಿಸುತ್ತಾ ಕೂರಬೇಕು. ನೂರು ಪದರ ದಾಟುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ, ಅಲ್ವಾ? ನಿಮ್ಮ ತೊಂದರೆ ಇದೇ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಈಗ ನಾನೊಂದು ಕೇಳುತ್ತೇನೆ. ನಿಮ್ಮ ಚಿತ್ರದಲ್ಲಿ ಇಡೀ ಗಂಟು ಇದೆಯೇ, ಅಥವಾ ಮೇಲಿನ ಸಿಪ್ಪೆ ಮಾತ್ರವೇ? ಸುಮ್ನೆ ಬೇರು ತಂದು ಬಣ್ಣ ಹಾಕಿ ಕಾನ್‌ಫೋಕಲ್‌ನಲ್ಲಿ ಇಟ್ಟರೆ ನೂರು ಮೈಕ್ರಾನ್ ಸುಮಾರಿಗೆ ಬೆಳಕು ಚದುರಿ ಹೋಗುತ್ತದೆ. ಗಂಟು ಒಂದೆರಡು ಮಿಲಿಮೀಟರ್ ದಪ್ಪ. ನಿಮ್ಮ ನಾಳ ಕಾಣದಿರಲು ಅದು ಚಿತ್ರಕ್ಕೇ ಬಂದಿಲ್ಲ ಅನ್ನುವುದೂ ಕಾರಣ ಇರಬಹುದು. ಇದಕ್ಕೆ ಎರಡು ದಾರಿ ಇವೆ. ಗಂಟನ್ನು ಅಗರೋಸ್ ಎಂಬ ಜೆಲ್‌ನಲ್ಲಿ ಕೂರಿಸಿ, ಅಲುಗುವ ಬ್ಲೇಡಿನ ವೈಬ್ರಟೋಮ್ ಯಂತ್ರದಲ್ಲಿ 150-200 ಮೈಕ್ರಾನ್ ದಪ್ಪದ ಬಿಲ್ಲೆಗಳಾಗಿ ಕೊಯ್ಯುವುದು ಒಂದು. ಅಂಗಾಂಶವನ್ನೇ ಪಾರದರ್ಶಕ ಮಾಡುವುದು ಇನ್ನೊಂದು. ಗಿಡಗಳಿಗೆ ನಾನು ಹೇಳುವುದು 2015ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದ ಕ್ಲಿಯರ್‌ಸೀ ದ್ರಾವಣ. 10% ಝೈಲಿಟಾಲ್, 15% ಸೋಡಿಯಂ ಡಿಆಕ್ಸಿಕೋಲೇಟ್, 25% ಯೂರಿಯಾ. ಮೂರೂ ಸಾಮಾನ್ಯ ರಾಸಾಯನಿಕಗಳೇ. ಇದರ ಜೊತೆ ಕ್ಯಾಲ್ಕೋಫ್ಲೋರ್ ವೈಟ್ ಎಂಬ ಬಣ್ಣ ಹಾಕಿದರೆ ಕೋಶಭಿತ್ತಿಗಳು ಹೊಳೆಯುತ್ತವೆ. ಬೇಸಿಕ್ ಫ್ಯೂಕ್ಸಿನ್ ಎಂಬ ಬಣ್ಣ ನಾಳದ ಗೋಡೆಯನ್ನು ಗಟ್ಟಿ ಮಾಡುವ ಲಿಗ್ನಿನ್‌ಗೆ ಹತ್ತುತ್ತದೆ. ಅಂದರೆ ನಿಮಗೆ ಬೇಕಾದ ನೀರಿನ ನಾಳವೇ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಎಳೆ ಬೇರು ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ. ದಪ್ಪ ಗಂಟಿಗೆ ವಾರಗಳೇ ಬೇಕು. ಅವಸರ ಮಾಡಬೇಡಿ.

ಪಾರದರ್ಶಕ ಮಾಡಿದ ಮೇಲೂ ಲೆನ್ಸ್ ಒಂದು ಮಿತಿ ಹಾಕುತ್ತದೆ. 60 ಪಟ್ಟಿನ ಎಣ್ಣೆ ಲೆನ್ಸ್, ಮಾದರಿಯ ಮೇಲಿಡುವ ತೆಳು ಗಾಜಾದ ಕವರ್‌ಸ್ಲಿಪ್‌ನಿಂದ ಆಚೆ ಸುಮಾರು 0.13 ಮಿಲಿಮೀಟರ್‌ವರೆಗೆ ಮಾತ್ರ ಫೋಕಸ್ ಮಾಡುತ್ತದೆ. ಅದಕ್ಕಿಂತ ಇಳಿಸಿದರೆ ಗಾಜಿಗೇ ತಾಗುತ್ತದೆ. ನಿಮ್ಮ ಕೆಲಸಕ್ಕೆ 20 ಪಟ್ಟಿನ ಲೆನ್ಸ್ ಸಾಕು. ಚಿತ್ರ ಅಷ್ಟು ಚೂಪಾಗಿ ಬರದಿದ್ದರೂ ಗಂಟಿನ ಆಳಕ್ಕೆ ಇಳಿಯುತ್ತದೆ.

ಇನ್ನು ಬಹಳ ಜನ ಎಡವುವ ಜಾಗ. ಒಮ್ಮೆ ನಾನೂ ನನ್ನ ಸಹೋದ್ಯೋಗಿಯೂ ಟೊಮೆಟೊ ಬೇರಿನ ಗಂಟನ್ನು ಹೆಡ್‌ಸೆಟ್‌ನಲ್ಲಿ ನೋಡಿದೆವು. ದೈತ್ಯಕೋಶಗಳು ಜೋಳದ ರೊಟ್ಟಿಯ ಹಾಗೆ ಚಪ್ಪಟೆ! ಗಂಟಿನ ಒತ್ತಡಕ್ಕೆ ಹೀಗಾಗಿರಬೇಕು ಎಂದು ಎರಡು ದಿನ ಚರ್ಚೆ ಮಾಡಿದೆವು. ಪೋಸ್ಟರ್‌ಗೆ ಒಂದು ಸಾಲನ್ನೂ ಬರೆದಿದ್ದೆವು. ಆಮೇಲೆ ಕಾರಣ ಸಿಕ್ಕಿತು. ಚಿತ್ರದ ಒಂದೊಂದು ಚುಕ್ಕೆಯ ಅಗಲ 0.4 ಮೈಕ್ರಾನ್. ಪದರದಿಂದ ಪದರಕ್ಕೆ ಅಂತರ 2 ಮೈಕ್ರಾನ್. ಫೈಲನ್ನು ಸಾದಾ ಟಿಫ್ ಆಗಿ ಉಳಿಸುವಾಗ ಈ ಅಳತೆ ಬಿದ್ದುಹೋಗಿತ್ತು. ತಂತ್ರಾಂಶ ಎರಡನ್ನೂ ಒಂದೇ ಎಂದುಕೊಂಡಿತು. ಗಂಟು ಐದರಲ್ಲಿ ಒಂದು ಪಾಲಿಗೆ ಕುಗ್ಗಿತು. ಆ ದಿನದಿಂದ ನಮ್ಮಲ್ಲಿ ಒಂದು ಅಭ್ಯಾಸ. ಮೈಕ್ರೋಸ್ಕೋಪ್ ಕೊಟ್ಟ ಮೂಲ ಫೈಲನ್ನು ಎಂದೂ ಅಳಿಸುವುದಿಲ್ಲ. ಚಿತ್ರ ನೋಡಿ ಅಳೆಯುವ ಫಿಜಿ ಎಂಬ ತಂತ್ರಾಂಶದಲ್ಲಿ ತೆರೆದ ಕೂಡಲೇ ಇಮೇಜ್ ಮೆನುವಿನ ಪ್ರಾಪರ್ಟೀಸ್‌ಗೆ ಹೋಗಿ ಮೂರೂ ಅಳತೆ ನೋಡುತ್ತೇವೆ. ನೀವು ಇವತ್ತೇ ನೋಡಿ. ನಿಮ್ಮ ಅರ್ಧ ಗೊಂದಲ ಅಲ್ಲೇ ತೀರಿದರೂ ತೀರಬಹುದು.

ಆಳದ ಅಳತೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಲಕ್ಕುಂಡಿಯ ಮುಸುಕಿನ ಬಾವಿಯನ್ನು ನೋಡಿದ್ದೀರಾ? ನೀರು ತಿಳಿಯಾಗಿದ್ದಾಗ ಮೆಟ್ಟಿಲ ಮೇಲೆ ನಿಂತು ಬಗ್ಗಿದರೆ ಒಳಗಿನ ಮೆಟ್ಟಿಲು ಇರುವುದಕ್ಕಿಂತ ಮೇಲೆ ಕಾಣುತ್ತದೆ. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದೇ ಕಾರಣ. ಮೈಕ್ರೋಸ್ಕೋಪಿನಲ್ಲೂ ಇದೇ ಆಗುತ್ತದೆ. ಎಣ್ಣೆ, ನೀರು ಹಾಕದೆ ಬಳಸುವ ಲೆನ್ಸ್‌ನಲ್ಲಿ ಕ್ಲಿಯರ್‌ಸೀಯಲ್ಲಿಟ್ಟ ಬೇರು ನೋಡುತ್ತೀರಿ ಎಂದುಕೊಳ್ಳಿ. ಆ ದ್ರಾವಣದ ವಕ್ರೀಭವನಾಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ, 1.4ರ ಆಸುಪಾಸು. ನೀವು ಮಾದರಿ ಇಡುವ ಸ್ಟೇಜನ್ನು 100 ಮೈಕ್ರಾನ್ ಸರಿಸಿದರೆ ಫೋಕಸ್ ನಿಜದಲ್ಲಿ ಸುಮಾರು 140 ಮೈಕ್ರಾನ್ ಇಳಿದಿರುತ್ತದೆ. ಇದನ್ನು ಸರಿಪಡಿಸದಿದ್ದರೆ ಎಲ್ಲವೂ ನಿಜಕ್ಕಿಂತ ಗಿಡ್ಡವಾಗಿ ಕಾಣುತ್ತದೆ. ಇದರ ಜೊತೆಗೆ, ಕಾನ್‌ಫೋಕಲ್ ಅಡ್ಡಕ್ಕೆ ನೋಡಿದಷ್ಟು ಚೂಪಾಗಿ ಆಳಕ್ಕೆ ನೋಡುವುದಿಲ್ಲ. ಎರಡು ಮೂರು ಪಟ್ಟು ಮಸುಕು. ದುಂಡಗಿನ ಸಣ್ಣ ಕಣ ನಿಲ್ಲಿಸಿಟ್ಟ ಗೋಧಿ ಕಾಳಿನ ಹಾಗೆ ಉದ್ದವಾಗಿ ಕಾಣುತ್ತದೆ. ಅದು ಜೀವಕೋಶದ ಆಕಾರ ಎಂದು ನಂಬಬೇಡಿ.

ಇಷ್ಟಾದ ಮೇಲೆ, ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ಫಿಜಿಯಲ್ಲಿ 3ಡಿ ಪ್ರಾಜೆಕ್ಟ್ ಎಂಬ ಆಯ್ಕೆ ಇದೆ. ನಿಮ್ಮ ಪದರಗಳನ್ನು ಕೂಡಿಸಿ ತಿರುಗುವ ಚಿತ್ರ ಮಾಡಿಕೊಡುತ್ತದೆ. ಗಂಟು ತಿರುಗಿದಾಗ ಮುಂದಿನದು ಒಂದು ಕಡೆ, ಹಿಂದಿನದು ಇನ್ನೊಂದು ಕಡೆ ಸರಿಯುತ್ತದೆ. ಅಷ್ಟಕ್ಕೇ ಕಣ್ಣು ಆಳವನ್ನು ಹಿಡಿಯುತ್ತದೆ. ಇನ್ನೂ ಒಂದು ಹೆಜ್ಜೆ ಹೋಗಿ. ತಿರುಗುವ ಹಂತವನ್ನು 6 ಡಿಗ್ರಿ ಇಡಿ. ಅಕ್ಕಪಕ್ಕದ ಎರಡು ಚಿತ್ರ ತೆಗೆದುಕೊಂಡು ಒಂದಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ-ಹಸಿರು ಬಣ್ಣ ಕೊಟ್ಟು ಒಂದರ ಮೇಲೊಂದು ಕೂಡಿಸಿ. ಕೆಂಪು-ನೀಲಿ ಹಾಳೆಯ ಕನ್ನಡಕ ಹಾಕಿ ನೋಡಿ. ಆಳ ತಿರುವುಮುರುವಾಗಿ ಕಂಡರೆ ಬಣ್ಣ ಅದಲುಬದಲು ಮಾಡಿ. ಎರಡು ಕಣ್ಣಿಗೆ ಎರಡು ಚಿತ್ರ ಕೊಟ್ಟರೆ ಮಿದುಳು ಆಳ ಕಟ್ಟಿಕೊಳ್ಳುತ್ತದೆ ಎಂದು ಚಾರ್ಲ್ಸ್ ವೀಟ್‌ಸ್ಟನ್ ತೋರಿಸಿದ್ದು 1838ರಲ್ಲಿ. ಇಂದಿನ ಹೆಡ್‌ಸೆಟ್‌ಗಳ ಬುಡವೂ ಅದೇ. ಈ ಹಾಳೆಯ ಕನ್ನಡಕದಲ್ಲೇ ನಿಮ್ಮ ನಾಳದ ದಾರಿ ಸಿಕ್ಕರೆ ಸಂಶೋಧನೆಗೆ ಹೆಡ್‌ಸೆಟ್ ಬೇಡ. ಆ ದುಡ್ಡನ್ನು ಇನ್ನಷ್ಟು ಕಾನ್‌ಫೋಕಲ್ ಗಂಟೆಗಳಿಗೆ ಬಳಸಿ ಎಂದು ನಿಮ್ಮ ಗೈಡ್‌ಗೆ ಹೇಳಿ.

ಸಿಗದಿದ್ದರೆ ಹೆಡ್‌ಸೆಟ್‌ಗೆ ಅರ್ಥ ಇದೆ. ದಾರಿ ಸಿಗದಿರುವುದಕ್ಕೆ ಹೆಚ್ಚಾಗಿ ಕಾರಣ ದಟ್ಟಣೆ. ಹತ್ತಾರು ನಾಳ ಒಂದರ ಹಿಂದೆ ಒಂದು. ಹೊರಗಿನಿಂದ ಎಷ್ಟು ತಿರುಗಿಸಿದರೂ ಒಳಗಿನದು ಮುಚ್ಚಿಹೋಗಿರುತ್ತದೆ. ಹೆಡ್‌ಸೆಟ್ ಹಾಕಿದಾಗ ಗಂಟು ಕುಂಬಳಕಾಯಿ ಗಾತ್ರದಲ್ಲಿ ಮೇಜಿನ ಮೇಲೆ ನಿಲ್ಲುತ್ತದೆ. ನೀವು ಸುತ್ತ ನಡೆದು, ಬಗ್ಗಿ, ತಲೆಯನ್ನೇ ಒಳಗೆ ಹಾಕಿ ನೋಡಬಹುದು. ನನಗೆ ಎಲ್ಲಕ್ಕಿಂತ ಉಪಯೋಗ ಅನ್ನಿಸಿದ್ದು ಕತ್ತರಿಸುವ ಹಾಳೆ. ಕೈಯಲ್ಲಿ ಒಂದು ರಟ್ಟು ಹಿಡಿದ ಹಾಗೆ ಇರುತ್ತದೆ. ಅದನ್ನು ಗಂಟಿನೊಳಗೆ ತೂರಿಸಿದರೆ ಅದರ ಮುಂದಿನದೆಲ್ಲ ಮರೆಯಾಗಿ ಕೊಯ್ದ ಮುಖ ಕಾಣುತ್ತದೆ. ಓರೆಯಾಗಿ, ಅಡ್ಡವಾಗಿ, ನಾಳದ ಗುಂಟ, ಹೇಗೆ ಬೇಕಾದರೂ ಕೊಯ್ಯಬಹುದು. ತೆಳ್ಳಗೆ ಕೊಯ್ಯುವ ಮೈಕ್ರೋಟೋಮ್ ಯಂತ್ರದಲ್ಲಿ ಒಮ್ಮೆ ಒಂದು ದಿಕ್ಕಿಗೆ ಕೊಯ್ದರೆ ಮುಗಿಯಿತು. ಇಲ್ಲಿ ಅದೇ ಗಂಟನ್ನು ನೂರು ಸಲ ಕೊಯ್ದು ಮತ್ತೆ ಕೂಡಿಸಬಹುದು.

ಪೂರ್ತಿ ಕಣ್ಣು ಮುಚ್ಚುವ ವರ್ಚುವಲ್ ರಿಯಾಲಿಟಿ ಸಾಲದೇ ಎಂದು ನೀವು ಕೇಳಬಹುದು. ನಾಳದ ಜಾಡು ಹಿಡಿಯುವುದಕ್ಕೆ ಸಾಕು. ನರಕೋಶಗಳ ಕೊಂಬೆ ಹಿಡಿದು ಗುರುತಿಸಲು 2019ರಲ್ಲಿ ಬಂದ ಟೆರಾವಿಆರ್ ಎಂಬ ತಂತ್ರಾಂಶ ಅಂಥದ್ದೇ. ಆದರೆ ಮಿಕ್ಸ್ಡ್ ರಿಯಾಲಿಟಿಯಲ್ಲಿ ನಿಮ್ಮ ಮೇಜು, ನೋಟ್‌ಬುಕ್, ಎದುರು ನಿಂತ ಗೈಡ್ ಎಲ್ಲ ಕಾಣುತ್ತಿರುತ್ತಾರೆ. ಮಾನಿಟರಿನಲ್ಲಿ ಮೂಲ ಪದರ ತೆರೆದಿಟ್ಟು, ಇಲ್ಲಿ ಕಂಡದ್ದನ್ನು ಅಲ್ಲಿ ಕೂಡಲೇ ತಾಳೆ ನೋಡಬಹುದು. ನನಗೆ ಇದು ದೊಡ್ಡ ಅನುಕೂಲ, ಯಾಕೆಂದರೆ ತಾಳೆ ನೋಡದೆ ನಂಬಿದಾಗಲೇ ನಾವು ತಪ್ಪಿದ್ದು.

ಅದನ್ನೂ ಹೇಳಿಬಿಡುತ್ತೇನೆ. ಪದರಗಳನ್ನು ಮೂರು ಆಯಾಮದಲ್ಲಿ ತೋರಿಸಲು ಮುಖ್ಯವಾಗಿ ಎರಡು ವಿಧಾನ. ಚುಕ್ಕೆಗಳ ಬೆಳಕನ್ನೆಲ್ಲ ಮಂಜಿನ ಹಾಗೆ ತೋರಿಸುವುದು ವಾಲ್ಯೂಮ್ ರೆಂಡರಿಂಗ್. ಇಷ್ಟು ಬೆಳಕಿಗಿಂತ ಮೇಲಿದ್ದರೆ ನಾಳ, ಕೆಳಗಿದ್ದರೆ ಅಲ್ಲ ಎಂದು ಗೆರೆ ಎಳೆದು ಗಟ್ಟಿ ಮೈ ಕಟ್ಟುವುದು ಇನ್ನೊಂದು. ಇದಕ್ಕೆ 1987ರ ಮಾರ್ಚಿಂಗ್ ಕ್ಯೂಬ್ಸ್ ವಿಧಾನವೇ ಇಂದಿಗೂ ಬಳಕೆಯಲ್ಲಿದೆ. ಗಟ್ಟಿ ಮೈ ಹಗುರ, ಬೇಗ ಓಡುತ್ತದೆ, ನೋಡಲು ಚಂದ. ಅಪಾಯವೂ ಅಲ್ಲೇ ಇದೆ. ಒಬ್ಬ ವಿದ್ಯಾರ್ಥಿ ಹೆಡ್‌ಸೆಟ್ ಹಾಕಿಕೊಂಡು "ಇಲ್ಲಿ ನಾಳ ಕಡದೈತ್ರಿ ಮೇಡಂ" ಎಂದ. ನಾನೂ ಹಾಕಿ ನೋಡಿದೆ. ಕಡಿದೇ ಇತ್ತು. ಮೂಲ ಪದರಗಳಲ್ಲಿ ನೋಡಿದರೆ ನಾಳ ಮಂಕಾಗಿ ಮುಂದುವರಿದಿತ್ತು. ಆಳಕ್ಕೆ ಹೋದಂತೆ ಬೆಳಕು ಕಡಿಮೆಯಾಗುತ್ತದೆ. ಮೇಲಿನ ಪದರಕ್ಕೆ ಎಳೆದ ಗೆರೆ ಕೆಳಗಿನ ಪದರದ ನಾಳವನ್ನು ಅಳಿಸಿಹಾಕಿತ್ತು. ನಿಮ್ಮ ವಿಷಯದಲ್ಲಿ ನಾಳ ನಿಜಕ್ಕೂ ತುಂಡಾಗುತ್ತದೆ. ಆದ್ದರಿಂದ ಯಾವುದು ಹುಳುವಿನ ಕೆಲಸ, ಯಾವುದು ತಂತ್ರಾಂಶದ ಕೆಲಸ ಎಂದು ಪ್ರತಿ ಸಲವೂ ನೋಡಲೇಬೇಕು. ಮೊದಲು ಮಂಜಿನ ಹಾಗೆ ನೋಡಿ, ಗಟ್ಟಿ ಮೈ ಆಮೇಲೆ ಕಟ್ಟಿ. ಗೆರೆಯನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿದಾಗ ತುಂಡು ಕೂಡಿಕೊಂಡರೆ ಅದನ್ನು ತುಂಡು ಎಂದು ಬರೆಯಬೇಡಿ.

ಸಾಮಾನಿನ ಮಾತು ಬೇಗ ಮುಗಿಸುತ್ತೇನೆ. ಹೋಲೋಲೆನ್ಸ್ 2 ಎಂಬ ಹೆಡ್‌ಸೆಟ್ ಬಗ್ಗೆ ಹಳೆಯ ಲೇಖನಗಳಲ್ಲಿ ಓದಿರುತ್ತೀರಿ. ಮೈಕ್ರೋಸಾಫ್ಟ್ 2024ರಲ್ಲಿ ಅದರ ತಯಾರಿಕೆ ನಿಲ್ಲಿಸಿದೆ, ಹಾಗಾಗಿ ಹೊಸದಾಗಿ ಶುರು ಮಾಡುವವರು ಅದರ ಹಿಂದೆ ಹೋಗುವುದು ಬೇಡ. ಅದರಲ್ಲಿ ಗಾಜಿನ ಮೂಲಕ ಹೊರಗೆ ಕಾಣುತ್ತಿತ್ತು. ಕಪ್ಪು ಬಣ್ಣವನ್ನು ತೋರಿಸಲು ಬರುತ್ತಿರಲಿಲ್ಲ, ಮಂಕಾದ ನಾಳ ಕೋಣೆಯ ಬೆಳಕಿನಲ್ಲಿ ಕರಗಿಹೋಗುತ್ತಿತ್ತು. 2023ರ ಮೆಟಾ ಕ್ವೆಸ್ಟ್ 3, 2024ರ ಆಪಲ್ ವಿಷನ್ ಪ್ರೊ ಕ್ಯಾಮೆರಾ ಮೂಲಕ ಹೊರಗಿನದನ್ನು ತೋರಿಸುತ್ತವೆ. ನಿಮ್ಮ ಕೆಲಸಕ್ಕೆ ಕ್ವೆಸ್ಟ್ ಬಗೆಯದು ಸಾಕು. ಆದರೆ ಅದನ್ನು ಒಂದೇ ತರಿಸಿ ಬೀರುವಿನಲ್ಲಿ ಇಟ್ಟವರನ್ನು ನೋಡಿದ್ದೇನೆ. ಅದಕ್ಕೆ ಜೊತೆಯಾಗಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಬೇಕು.

ಯಾಕೆ ಎಂದರೆ ಲೆಕ್ಕ ಹೀಗಿದೆ. 1024 ಚುಕ್ಕೆ ಅಗಲ, ಅಷ್ಟೇ ಎತ್ತರ, 150 ಪದರ, ಎರಡು ಬಣ್ಣ, ಒಂದೊಂದು ಚುಕ್ಕೆಯ ಬೆಳಕಿಗೆ 16 ಬಿಟ್. ಕೂಡಿದರೆ ಸುಮಾರು 600 ಎಂಬಿ. ಸೆಕೆಂಡಿಗೆ 90 ಚಿತ್ರ ಬೇಕೆಂದರೆ ಒಂದು ಚಿತ್ರಕ್ಕೆ 11 ಮಿಲಿಸೆಕೆಂಡ್ ಸಮಯ. ಅಷ್ಟರಲ್ಲಿ ಎರಡು ಕಣ್ಣಿಗೂ ಬೇರೆ ಬೇರೆ ಕೋನದಿಂದ ಈ ರಾಶಿಯನ್ನೆಲ್ಲ ಹಾದು ಬರಬೇಕು. ತಡವಾದರೆ ಗಂಟು ನಡುಗುತ್ತದೆ, ನೋಡುವವರಿಗೆ ತಲೆ ಸುತ್ತುತ್ತದೆ. ಚಿತ್ರವನ್ನು 8 ಬಿಟ್‌ಗೆ ಇಳಿಸಿದರೆ 300 ಎಂಬಿ. ಅಗಲ, ಎತ್ತರ ಅರ್ಧ ಮಾಡಿದರೆ 75. ನಾಳದ ದಾರಿ ನೋಡಲು ಇಷ್ಟು ಸಾಕು. ಅಳತೆ ಮಾಡುವುದು ಮಾತ್ರ ಮೂಲ ಫೈಲಿನಲ್ಲೇ. ಮನುಷ್ಯನ ಮಿದುಳಿನ ಒಂದು ಘನ ಮಿಲಿಮೀಟರ್ ಚೂರಿನ ಹಾರ್ವರ್ಡ್-ಗೂಗಲ್ ದತ್ತಾಂಶ 1.4 ಪೆಟಾಬೈಟ್, ಅಂದರೆ ಸುಮಾರು 14 ಲಕ್ಷ ಜಿಬಿ ಇದೆ. ಅಂಥದ್ದನ್ನು ತುಂಡು ತುಂಡಾಗಿ ತರಿಸಿಕೊಂಡೇ ನೋಡಬೇಕು. ಅದರ ಮುಂದೆ ನಿಮ್ಮದು ಬಹಳ ಹಗುರ.

ತಂತ್ರಾಂಶಕ್ಕೆ ದುಡ್ಡು ಬೇಡ. ಚಿತ್ರ ಸಿದ್ಧಮಾಡಲು ಫಿಜಿ. ಮಂಜಿನ ಹಾಗೆ ನೋಡಲು 3ಡಿ ಸ್ಲೈಸರ್, ಅದಕ್ಕೆ ವರ್ಚುವಲ್ ರಿಯಾಲಿಟಿಯ ವಿಸ್ತರಣೆ ಸಿಗುತ್ತದೆ. ಗಟ್ಟಿ ಮೈ ಮಾಡಿದ ಮೇಲೆ ಬ್ಲೆಂಡರ್‌ನಲ್ಲೂ ನೋಡಬಹುದು, 2020ರಿಂದ ಅದರಲ್ಲಿ ಹೆಡ್‌ಸೆಟ್ ಸೌಲಭ್ಯ ಇದೆ. ಜಿಎಲ್‌ಬಿ ಎಂಬ ಮೂರು ಆಯಾಮದ ಫೈಲಾಗಿ ಉಳಿಸಿದರೆ ಕಂಪ್ಯೂಟರ್ ಇಲ್ಲದೆ ಹೆಡ್‌ಸೆಟ್‌ನಲ್ಲೇ ತೆರೆಯಲು ದಾರಿ ಇದೆ. ಕಲಿಯಲು ಒಂದೆರಡು ತಿಂಗಳು ಹಿಡಿಯುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳಿಗೇನೂ ಕೊರತೆ ಇಲ್ಲ. ಅವರಿಗೆ ನಿಜವಾದ ಬೇರಿನ ದತ್ತಾಂಶ ಸಿಗುವುದು ಅಪರೂಪ. ಕೇಳಿ ನೋಡಿ, ಪ್ರಾಜೆಕ್ಟ್‌ಗೆ ಎಂದು ಬಂದು ಕೂರುತ್ತಾರೆ.

ಕಣ್ಣಿನ ವಿಷಯ. ಹೆಡ್‌ಸೆಟ್‌ನಲ್ಲಿ ಗಂಟು ಒಂದು ಗೇಣು ದೂರದಲ್ಲಿ ಕಂಡರೂ ಕಣ್ಣು ಫೋಕಸ್ ಮಾಡಬೇಕಾದದ್ದು ಲೆನ್ಸ್ ನಿಗದಿ ಮಾಡಿದ ದೂರಕ್ಕೇ. ಕಣ್ಣುಗಳು ಒಳಕ್ಕೆ ತಿರುಗುತ್ತವೆ, ಫೋಕಸ್ ದೂರಕ್ಕೆ ಇರುತ್ತದೆ. ಈ ಎಳೆದಾಟಕ್ಕೆ ಕಣ್ಣು ದಣಿದು ತಲೆನೋವು ಬರುತ್ತದೆ. ಗಂಟನ್ನು ಮುಖಕ್ಕೆ ತೀರಾ ಹತ್ತಿರ ತರಬೇಡಿ. ಚಾಚಿದ ಕೈಯಷ್ಟು ದೂರ ಇಟ್ಟು ಗಾತ್ರ ದೊಡ್ಡದು ಮಾಡಿ. ಕಣ್ಣುಗುಡ್ಡೆಗಳ ನಡುವಿನ ಅಂತರಕ್ಕೆ ಲೆನ್ಸ್ ಹೊಂದಿಸಿಕೊಳ್ಳಿ, ಅದು ಒಬ್ಬೊಬ್ಬರಿಗೆ ಒಂದೊಂದು. ಇಪ್ಪತ್ತು ನಿಮಿಷಕ್ಕೊಮ್ಮೆ ತೆಗೆಯಿರಿ. ಮೆಳ್ಳೆಗಣ್ಣು ಇದ್ದ ಕೆಲವರಿಗೆ ಎರಡು ಕಣ್ಣಿನ ಆಳ ಸಿಗುವುದೇ ಇಲ್ಲ. ಅಂಥವರು ನಿಮ್ಮ ಗುಂಪಿನಲ್ಲಿದ್ದರೆ ತಿರುಗುವ ಚಿತ್ರ ಕೊಡಿ. ಅದು ಎಲ್ಲರಿಗೂ ಕೆಲಸ ಮಾಡುತ್ತದೆ.

ಪ್ರಬಂಧದಲ್ಲಿ ಚಿತ್ರ ಹಾಕಬಹುದು, ಸಾಕ್ಷಿಯಾಗಿ ಮಾತ್ರ ಬೇಡ. "ನಾಳ ದೈತ್ಯಕೋಶವನ್ನು ಸುತ್ತಿ ಹೋಗಿದೆ" ಎಂದು ಹೆಡ್‌ಸೆಟ್‌ನಲ್ಲಿ ನಿಮಗೆ ಹೊಳೆಯಲಿ. ಆಮೇಲೆ ಮೂಲ ಪದರಗಳಲ್ಲಿ ಆ ನಾಳವನ್ನು ಗುರುತಿಸಿ, ಉದ್ದ, ತಿರುವು ಅಳೆದು, ಆ ಅಂಕಿಗಳನ್ನು ಕೊಡಿ. ರೋಗ ಇಲ್ಲದ ಬೇರನ್ನೂ ಅದೇ ರೀತಿ ಅಳೆಯಿರಿ. ಸಾಧ್ಯವಾದರೆ ಯಾವುದು ಯಾವ ಗಿಡದ್ದು ಎಂದು ಗೊತ್ತಿಲ್ಲದ ಇನ್ನೊಬ್ಬರಿಂದಲೂ ಗುರುತು ಹಾಕಿಸಿ. ಚಿತ್ರದ ಕೆಳಗೆ ಚುಕ್ಕೆಯ ಅಳತೆ, ಪದರದ ಅಂತರ, ಬೆಳಕಿನ ಗೆರೆ ಎಲ್ಲಿಟ್ಟಿರಿ ಎನ್ನುವುದನ್ನು ಬರೆಯಿರಿ. ಪರೀಕ್ಷಕರು ಹೆಡ್‌ಸೆಟ್ ಹಾಕಿಕೊಂಡು ಓದುವುದಿಲ್ಲ. ಅವರಿಗೆ ಪದರದ ಚಿತ್ರವೂ ಪಕ್ಕದಲ್ಲಿರಲಿ.

ಇನ್ನು ನಿಮ್ಮ ಅಪ್ಪನವರ ಮಾತು. ಖಂಡಿತ ತೋರಿಸಿ. ಗಿಡ ಕಿತ್ತಾಗ ಬೇರಿನ ಗಂಟನ್ನು ಅವರು ಎಷ್ಟೋ ಸಲ ನೋಡಿರುತ್ತಾರೆ. ಅದರ ಒಳಗೆ ಏನಿದೆ ಎಂದು ತೋರಿಸುವವರು ಸಿಕ್ಕಿರುವುದಿಲ್ಲ. ನವಲಗುಂದ ಕಡೆಯ ಒಬ್ಬ ಹಿರಿಯ ರೈತರಿಗೆ ನಾನು ತೋರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಇಷ್ಟ್ ದೊಡ್ಡದಾಗಿ ಕುಂತೈತೇನ್ರಿ ಇದು ಒಳಗ" ಎಂದರು. ಮುಂದಿನ ಮಾತು ಬೆಳೆ ಬದಲಾಯಿಸುವುದರ ಬಗ್ಗೆ, ಅವರೇ ಶುರು ಮಾಡಿದ್ದು.

ಅಪ್ಪನವರಿಗೆ ಮಂಜಿನ ಚಿತ್ರ ಬೇಡ, ಗಟ್ಟಿ ಮೈಯದೇ ಇರಲಿ. ಮೂರೇ ಬಣ್ಣ ಸಾಕು. ಹುಳು ಒಂದು, ದೈತ್ಯಕೋಶ ಒಂದು, ನೀರಿನ ನಾಳ ಒಂದು. ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂರಿಸಿ, ನಿಂತು ನೋಡುವುದು ಬೇಡ. ಅವರು ದೂರ ನೋಡಲು ಕನ್ನಡಕ ಹಾಕುತ್ತಿದ್ದರೆ ಅದನ್ನು ತೆಗೆಯಬೇಕಿಲ್ಲ, ಕ್ವೆಸ್ಟ್‌ನಲ್ಲಿ ಅದಕ್ಕೆ ಜಾಗ ಮಾಡಿಕೊಳ್ಳಬಹುದು. ಅಂಗಳಕ್ಕೆ ಮಾತ್ರ ಒಯ್ಯಬೇಡಿ. ಹೆಡ್‌ಸೆಟ್‌ನ ಒಳಗಿನ ಲೆನ್ಸ್‌ಗೆ ಬಿಸಿಲು ನೇರ ಬಿದ್ದರೆ ಭೂತಗನ್ನಡಿಯ ಹಾಗೆ ಪರದೆಯನ್ನು ಸುಟ್ಟುಬಿಡುತ್ತದೆ. ನಿಮ್ಮ ಹೊಲದಿಂದಲೇ ಗಂಟಿರುವ ಒಂದು ಬೇರನ್ನು ತೊಳೆದು ಅವರ ಕೈಗೆ ಕೊಡಿ. ಕ್ಯಾಮೆರಾ ಮೂಲಕ ಅವರ ಕೈ, ಆ ಬೇರು ಎರಡೂ ಕಾಣುತ್ತಿರುತ್ತವೆ. ಪಕ್ಕದಲ್ಲೇ ಅದರ ಒಳಗು, ಕುಂಬಳಕಾಯಿ ಗಾತ್ರದಲ್ಲಿ.